ಯೀಮಾನ್ ಬೀದಿಯ ಅಡ್ರೆಸ್ಸು: ಹಾರ್ಬಿನ್‌ನಲ್ಲಿ ನಾಲ್ಕು ದಿನ

ನಮ್ಮಕ್ಕ ನಾಲ್ಕು ವರ್ಷದಿಂದ ಒಂದೇ ಅಡ್ರೆಸ್ಸಿಗೆ ಪಾರ್ಸೆಲ್ ಕಳಿಸುತ್ತಿದ್ದಾಳೆ. ಚಟ್ನಿಪುಡಿ, ಕೋಡುಬಳೆ, ಹುಳಿಪುಡಿ, ಒಂದೊಂದ್ಸಲ ಉಣ್ಣೆ ಕಾಲುಚೀಲ. ಮಗ ಚೀನಾದ ಈಶಾನ್ಯ ಮೂಲೆಯ ಹಾರ್ಬಿನ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದಾನೆ. ಡಬ್ಬದ ಮೇಲೆ ಅಂಟಿಸುವ ಚೀಟಿಯಲ್ಲಿ ಅವನ ಹೆಸರು, ಫೋನ್ ನಂಬರ್, ಮನೆ ನಂಬರ್, ಆಮೇಲೆ 'ಯೀಮಾನ್ ಬೀದಿ'. ಹೋದ ವರ್ಷ ಡಬ್ಬ ಕಟ್ಟುವಾಗ ನಾನೂ ಅಲ್ಲೇ ಇದ್ದೆ. ಯೀಮಾನ್ ಅಂದ್ರೆ ಏನೋ ಅಂತ ಸುಮ್ನೆ ಕೇಳಿದೆ. ವಿಡಿಯೋ ಕಾಲ್‌ನಲ್ಲಿದ್ದ ಅಳಿಯ "ಗೊತ್ತಿಲ್ಲ ಮಾಮ, ಬೀದಿ ಹೆಸರು ಅಷ್ಟೆ" ಅಂದ.

ನನಗೆ ಬೀದಿ ಹೆಸರುಗಳ ಹುಚ್ಚು. ಮನೆಗೆ ಬಂದು ಹುಡುಕಿದೆ. ಯೀಮಾನ್ ಒಬ್ಬ ಹೆಂಗಸು. ಪೂರ್ತಿ ಹೆಸರು ಝಾವೊ ಯೀಮಾನ್. ಚೀನಾದಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. 1931ರಲ್ಲಿ ಜಪಾನ್ ಸೈನ್ಯ ಮಂಚೂರಿಯಾಕ್ಕೆ ನುಗ್ಗಿ, ಮರುವರ್ಷ ಅಲ್ಲೊಂದು ಬೊಂಬೆ ಸರ್ಕಾರ ಕೂರಿಸಿತಲ್ಲ, ಆ ಕಾಲದಲ್ಲಿ ಕಾರ್ಖಾನೆ, ಹಳ್ಳಿ, ಹೊಲ ಸುತ್ತಿ ಜನರನ್ನು ಒಟ್ಟುಗೂಡಿಸಿದ ಕಮ್ಯುನಿಸ್ಟ್ ಕಾರ್ಯಕರ್ತೆ. 1936ರ ಆಗಸ್ಟ್ 2ರಂದು ಗುಂಡಿಟ್ಟು ಕೊಂದರು. ಇನ್ನೂ 31 ತುಂಬಿರಲಿಲ್ಲ. ಜೊತೆಗೆ ಇನ್ನೊಂದು ವಿಷಯ ಸಿಕ್ಕಿತು. ಅದು ಆಕೆಯ ನಿಜವಾದ ಹೆಸರೇ ಅಲ್ಲ.

ಅಷ್ಟು ಸಾಕಾಯಿತು ನನಗೆ. ಜುಲೈ ಕೊನೆಯಲ್ಲಿ ರಜೆ ಹಾಕಿದೆ. ಅಕ್ಕ ಎಂಟು ಕೆಜಿ ಸಾಮಾನು ಹೊರಿಸಿ ಕಳಿಸಿದಳು.

ಮೊದಲ ದಿನ, ಭಾನುವಾರ

ಬೀಜಿಂಗ್‌ನಿಂದ ಹೈಸ್ಪೀಡ್ ರೈಲು. ಐದು ಗಂಟೆ ಹತ್ತಿರ. ಕಿಟಕಿಯಾಚೆ ಜೋಳ, ಜೋಳ, ಮತ್ತೆ ಜೋಳ. ಮುಸುಕಿನ ಜೋಳದ ಹೊಲ ಇಷ್ಟು ಉದ್ದ ಇರಬಹುದು ಅಂತ ದಾವಣಗೆರೆ ಕಡೆಯ ನನಗೂ ಅನಿಸಿರಲಿಲ್ಲ.

ಅಳಿಯ ಸ್ಟೇಷನ್‌ಗೆ ಬಂದಿದ್ದ. ತೆಳ್ಳಗಾಗಿದ್ದಾನೆ. ಅಕ್ಕನಿಗೆ ಹೇಳಬೇಡಿ. ಸಂಜೆ ಝೋಂಗ್‌ಯಾಂಗ್ ಬೀದಿಗೆ ಕರೆದುಕೊಂಡು ಹೋದ. ಊರಿನ ಮುಖ್ಯ ಪೇಟೆ ಬೀದಿ, 1450 ಮೀಟರ್ ಉದ್ದ, ವಾಹನ ಬಿಡುವುದಿಲ್ಲ. 1924ರಲ್ಲಿ ಹಾಸಿದ ಕಲ್ಲುಗಳು ಇನ್ನೂ ಇವೆ. ಒಂದೊಂದೂ ಬ್ರೆಡ್ಡಿನ ಹಾಗೆ ಉಬ್ಬಿಕೊಂಡಿರುವುದರಿಂದ ಅವಕ್ಕೆ ಬ್ರೆಡ್ ಕಲ್ಲು ಅಂತಲೇ ಹೆಸರು. ಈ ಊರು ಬೆಳೆದದ್ದು ರಷ್ಯನ್ನರು ರೈಲು ಹಳಿ ಹಾಕಿದ ಮೇಲೆ. ಹಾಗಾಗಿ ಚರ್ಚಿನ ಗುಮ್ಮಟ, ಹಲಸಿನಹಣ್ಣಿನಷ್ಟು ದಪ್ಪ ಬ್ರೆಡ್ಡು, ಹೊಗೆ ಹಾಕಿದ ಸಾಸೇಜು ಎಲ್ಲವೂ ರಷ್ಯದ ಕಡೆಯವು. ಆ ಬ್ರೆಡ್ಡಿಗೆ 'ದಾಲ್ಯೇಬಾ' ಅನ್ನುತ್ತಾರೆ. ರಷ್ಯನ್ನರ ಮಾತನ್ನೇ ಎತ್ತಿಕೊಂಡು ಮುಂದೆ 'ದೊಡ್ಡ' ಅಂತ ಸೇರಿಸಿದ್ದಾರೆ. ನಾವು ಡಬಲ್‌ರೊಟ್ಟಿ ಅಂದ ಹಾಗೆ.

ನಾನು ಮಾಂಸ ತಿನ್ನುವುದಿಲ್ಲ. ರಾತ್ರಿ ಊಟಕ್ಕೆ 'ದೀ ಸಾನ್ ಶ್ಯೆನ್' ತರಿಸಿದ. ಬದನೆಕಾಯಿ, ಆಲೂಗಡ್ಡೆ, ದೊಣ್ಣೆಮೆಣಸಿನಕಾಯಿ ಕರಿದು ಬೆಳ್ಳುಳ್ಳಿ ಹಾಕಿ ಮಾಡಿದ್ದು. ನಾಲ್ಕು ದಿನವೂ ಅದನ್ನೇ ತಿಂದೆ, ಬೇಜಾರಾಗಲಿಲ್ಲ.

ಎರಡನೇ ದಿನ, ಸೋಮವಾರ

ಬೆಳಗಿನ ಜಾವ ನಾಲ್ಕಕ್ಕೇ ಬಿಸಿಲು. ಇಡೀ ಚೀನಾಕ್ಕೆ ಒಂದೇ ಗಡಿಯಾರ ಆದ್ದರಿಂದ ಈ ಮೂಲೆಯಲ್ಲಿ ಸೂರ್ಯ ಯಾರನ್ನೂ ಕೇಳದೆ ಎದ್ದುಬಿಡುತ್ತಾನೆ. ನಿದ್ದೆ ಹೋಯಿತು. ಎಂಟೂವರೆಗೆ ಹೊರಟು ಯೀಮಾನ್ ಬೀದಿಯ 241ನೇ ನಂಬರ್ ಕಟ್ಟಡದ ಮುಂದೆ ನಿಂತೆವು. ಈಶಾನ್ಯ ಹುತಾತ್ಮರ ಸ್ಮಾರಕ ಭವನ. ದಪ್ಪ ಕಂಬಗಳ, ಗ್ರೀಕ್ ದೇವಸ್ಥಾನದ ಥರದ ಕಟ್ಟಡ. ಬಾಗಿಲು ಮುಚ್ಚಿತ್ತು. "ಮಾಮ, ಇವತ್ತು ಸೋಮವಾರ ಅಲ್ವಾ?" ಅಂದ ಅಳಿಯ, ಪಶ್ಚಾತ್ತಾಪದ ಒಂದು ಗೆರೆಯೂ ಇಲ್ಲದ ಮುಖದಲ್ಲಿ. ಇಲ್ಲಿ ಮ್ಯೂಸಿಯಂಗಳಿಗೆ ಸೋಮವಾರ ರಜೆ. ನಾಲ್ಕು ವರ್ಷದಿಂದ ಈ ಬೀದಿಯಲ್ಲೇ ಇದ್ದಾನೆ, ಒಳಗೆ ಒಂದ್ಸಲವೂ ಕಾಲಿಟ್ಟಿಲ್ಲ. ನಾನೂ ಬೆಂಗಳೂರಲ್ಲಿ ಮೂವತ್ತು ವರ್ಷ ಇದ್ದು ಟಿಪ್ಪು ಅರಮನೆ ನೋಡಿದ್ದು ಮೊನ್ನೆ ಮೊನ್ನೆ. ಅದಕ್ಕೆ ಬಾಯಿ ಮುಚ್ಚಿಕೊಂಡೆ.

ಸರಿ, ಬೀದಿ ಸುತ್ತೋಣ ಅಂದುಕೊಂಡೆವು. ಹಾಗೆ ಸುತ್ತಿದ್ದೇ ಒಳ್ಳೆಯದಾಯಿತು. ಶಾಂಗ್‌ಝಿ ಬೀದಿ, ಜಿಂಗ್‌ಯು ಬೀದಿ, ಝಾವೊಲಿನ್ ಬೀದಿ. ಇವೆಲ್ಲವೂ ಜಪಾನಿನ ವಿರುದ್ಧ ಕಾಡಲ್ಲಿ ಹೋರಾಡಿದವರ ಹೆಸರು. ಯಾಂಗ್ ಜಿಂಗ್‌ಯು 1940ರ ಫೆಬ್ರವರಿಯಲ್ಲಿ ಹಿಮದಲ್ಲಿ ಒಬ್ಬಂಟಿಯಾಗಿ ಸತ್ತ. ಜಪಾನಿಯರು ಹೊಟ್ಟೆ ಕುಯ್ದು ನೋಡಿದರೆ ಅನ್ನದ ಅಗುಳಿಲ್ಲ, ಹುಲ್ಲಿನ ಬೇರು, ಮರದ ತೊಗಟೆ, ಹತ್ತಿ. ಝಾವೊ ಶಾಂಗ್‌ಝಿ 1942ರಲ್ಲಿ ಸತ್ತ. ಅವನ ತಲೆಬುರುಡೆ ಸಿಕ್ಕಿದ್ದು 2004ರಲ್ಲಿ, ಬೇರೊಂದು ಊರಿನ ಬೌದ್ಧ ದೇವಸ್ಥಾನದಲ್ಲಿ. ಲೀ ಝಾವೊಲಿನ್‌ನನ್ನು ಜಪಾನ್ ಸೋತ ಮೇಲೆ, 1946ರ ಮಾರ್ಚ್‌ನಲ್ಲಿ, ಕಮ್ಯುನಿಸ್ಟರ ಎದುರಾಳಿ ಪಕ್ಷವಾದ ಕ್ವೋಮಿನ್‌ತಾಂಗ್‌ನ ಏಜೆಂಟರು ಕೊಂದರು. ಅವನ ಸಮಾಧಿ ಇರುವ ಪಾರ್ಕಿನಲ್ಲೇ ಚಳಿಗಾಲದಲ್ಲಿ ಮಂಜುಗಡ್ಡೆಯ ದೀಪದ ಜಾತ್ರೆ. ನಾವು ಹೋದಾಗ ಮುದುಕರು ಇಸ್ಪೀಟು ಆಡುತ್ತಿದ್ದರು, ಪಕ್ಕದಲ್ಲೇ ಒಂದು ಮಗು ನೀರಿನ ಗುಳ್ಳೆ ಊದುತ್ತಿತ್ತು.

ಝಾವೊ ಯೀಮಾನ್ ಈ ಬೀದಿಗಳಲ್ಲಿ ಓಡಾಡಿದ್ದು ಕಾರ್ಮಿಕ ಸಂಘದ ಕೆಲಸಕ್ಕೆ. ಗುಟ್ಟಿನ ಕೆಲಸ. ಮನೆ ಬಾಡಿಗೆಗೆ ಸಿಗಲಿ, ಯಾರಿಗೂ ಅನುಮಾನ ಬಾರದಿರಲಿ ಅಂತ ಇನ್ನೊಬ್ಬ ಕಾರ್ಯಕರ್ತನ ಜೊತೆ ಗಂಡ ಹೆಂಡತಿ ಅಂತ ಹೇಳಿಕೊಂಡು ಇದ್ದಳು. 1933ರ ಏಪ್ರಿಲ್‌ನಲ್ಲಿ ಟ್ರಾಮ್ ಕಂಡಕ್ಟರ್ ಒಬ್ಬನನ್ನು ಹೊಡೆದು ಗಾಯ ಮಾಡಿದರು. ಟ್ರಾಮ್ ನೌಕರರು ಮುಷ್ಕರ ಹೂಡಿದರು, ಊರಿನ ಟ್ರಾಮ್‌ಗಳು ನಿಂತವು. ಅದರ ಹಿಂದೆ ನಿಂತು ನಡೆಸಿದವರಲ್ಲಿ ಈಕೆಯೂ ಒಬ್ಬಳು. ಕಂಡಕ್ಟರ್ ಮೇಲೆ ಕೈ ಮಾಡಿದರೆ ಗಾಡಿ ನಿಲ್ಲುತ್ತದೆ ಅನ್ನುವುದನ್ನು ನಮ್ಮವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬೀದಿ ಬೀದಿಯಲ್ಲಿ ಜಪಾನಿ ಪೊಲೀಸರು ಇರುವ ಊರಲ್ಲಿ ಅದನ್ನು ಮಾಡುವುದು ಬೇರೆಯದೇ ಲೆಕ್ಕ.

ಮಧ್ಯಾಹ್ನ ಮಳೆ. ರೂಮಿಗೆ ಬಂದು ಅಕ್ಕನ ಕೋಡುಬಳೆ ತಿಂದು ಮಲಗಿದೆವು.

ಮೂರನೇ ದಿನ, ಮಂಗಳವಾರ

ಈಗ ಬಾಗಿಲು ತೆಗೆದಿತ್ತು. ಟಿಕೆಟ್ ಇಲ್ಲ, ಪಾಸ್‌ಪೋರ್ಟ್ ತೋರಿಸಿದರೆ ಸಾಕು. ಈ ಕಟ್ಟಡದ ಜಾತಕವೇ ವಿಚಿತ್ರ. ಲೈಬ್ರರಿ ಮಾಡೋಣ ಅಂತ ಕಟ್ಟಿದ್ದು. ಜಪಾನಿಯರ ಕಾಲದಲ್ಲಿ ಹಾರ್ಬಿನ್ ಪೊಲೀಸ್ ಇಲಾಖೆಯ ಕಚೇರಿ ಆಯಿತು. ಝಾವೊ ಯೀಮಾನ್‌ಗೆ ಚಿತ್ರಹಿಂಸೆ ಕೊಟ್ಟಿದ್ದು ಇದೇ ಕಟ್ಟಡದಲ್ಲಿ. 1948ರ ಅಕ್ಟೋಬರ್‌ನಲ್ಲಿ ಅದನ್ನೇ ಹುತಾತ್ಮರ ಮ್ಯೂಸಿಯಂ ಮಾಡಿದರು. ಮುಂದಿನ ಬೀದಿಗೂ ಆಕೆಯದೇ ಹೆಸರು.

ಒಳಗೆ ಕಂಚಿನ ಪ್ರತಿಮೆಗಳು ಜಾಸ್ತಿ. ನನಗೆ ಅವು ಹಿಡಿಸುವುದಿಲ್ಲ. ಎಲ್ಲರದ್ದೂ ಒಂದೇ ಗಲ್ಲ, ಒಂದೇ ನೋಟ, ಗಾಳಿಗೆ ಹಾರುವ ಒಂದೇ ಕೂದಲು. ಗೋಡೆಯ ಬರಹವೂ ಅದೇ ರಾಗ. ಅಳಿಯ ಒಂದೆರಡು ಫಲಕ ಓದಿ ಹೇಳಿ, "ಮಾಮ, ಇದೆಲ್ಲ ಸ್ಕೂಲ್ ಪುಸ್ತಕದ ಥರ ಇದೆ" ಅಂದ. ಒಂದು ಫೋಟೋ ಮುಂದೆ ಮಾತ್ರ ಇಬ್ಬರೂ ನಿಂತೆವು. 1930, ಶಾಂಘೈ. ಕುರ್ಚಿಯಲ್ಲಿ ಕೂತ ತೆಳ್ಳಗಿನ ಹುಡುಗಿ, ತೊಡೆಯ ಮೇಲೆ ವರ್ಷ ದಾಟಿದ ಗುಂಡು ಮಗು. ಮಗು ಎಲ್ಲೋ ನೋಡುತ್ತಿದೆ. ತಾಯಿ ನೇರ ಕ್ಯಾಮೆರಾ ನೋಡುತ್ತಿದ್ದಾಳೆ. ನಗುವಿಲ್ಲ. ಮಗುವನ್ನು ವುಹಾನ್‌ನಲ್ಲಿದ್ದ ಗಂಡನ ಅಣ್ಣನ ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋಗುವುದು ನಿಶ್ಚಯವಾಗಿದ್ದ ದಿನಗಳು ಅವು.

ಆಕೆಯ ನಿಜವಾದ ಹೆಸರು ಲೀ ಕುನ್‌ತಾಯ್. 1905ರ ಅಕ್ಟೋಬರ್‌ನಲ್ಲಿ ಸಿಚುವಾನ್ ಪ್ರಾಂತ್ಯದ ಯೀಬಿನ್ ಹತ್ತಿರದ ಹಳ್ಳಿಯಲ್ಲಿ, ಅನುಕೂಲವಾಗಿದ್ದ ಜಮೀನುದಾರರ ಮನೆಯಲ್ಲಿ ಹುಟ್ಟಿದ್ದು. ಹೆಣ್ಣುಮಕ್ಕಳ ಪಾದ ಕಟ್ಟಿ ಚಿಕ್ಕದು ಮಾಡುವ ಪದ್ಧತಿ ಇತ್ತಲ್ಲ, ಅದಕ್ಕೆ ಒಪ್ಪದೆ ಚೂಪು ಚಪ್ಪಲಿಗಳನ್ನು ಕಡಿದು ಹಾಕಿದಳಂತೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಓದಿಸಲು ಒಪ್ಪಲಿಲ್ಲ. ಈಕೆ ಸುಮ್ಮನಿರಲಿಲ್ಲ, 1924ರಲ್ಲಿ ಪತ್ರಿಕೆಗೆ ಬರೆದು ಅಣ್ಣನ ಮರ್ಯಾದೆಯನ್ನು ಊರಿಗೆಲ್ಲ ಹಂಚಿದಳು. ಹಳ್ಳಿಯ ಹೆಂಗಸರನ್ನು ಸೇರಿಸಿ ಸಂಘ ಕಟ್ಟಿದಳು. 1926ರಲ್ಲಿ ಪಾರ್ಟಿ ಸೇರಿದಳು. ವುಹಾನ್‌ನ ಮಿಲಿಟರಿ ಶಾಲೆ, ಆಮೇಲೆ ಮಾಸ್ಕೋ. ಅಲ್ಲೇ ಜೊತೆಗೆ ಓದುತ್ತಿದ್ದ ಚೆನ್ ದಾಬಾಂಗ್‌ನನ್ನು ಮದುವೆಯಾದಳು. ಬಸುರಿಯಾಗಿದ್ದಾಗಲೇ ಒಬ್ಬಳೇ ವಾಪಸು ಬಂದಳು. 1929ರ ಜನವರಿಯಲ್ಲಿ ಮಗ ಹುಟ್ಟಿದ. ಮುದ್ದಿನ ಹೆಸರು ನಿಂಗ್‌ಅರ್. 'ನಿಂಗ್' ಅಂದ್ರೆ ನೆಮ್ಮದಿ, 'ಅರ್' ಅನ್ನುವುದು ನಾವು ಪುಟ್ಟ, ಕಂದ ಅನ್ನುತ್ತೇವಲ್ಲ ಹಾಗೆ. ನನ್ನ ಕಿವಿಗೆ ಅದು 'ನಿಂಗ' ಅಂತಲೇ ಬಿತ್ತು. ನಮ್ಮೂರಲ್ಲಿ ಬೀದಿಗೊಬ್ಬ ನಿಂಗ. ಆಮೇಲೆ ಆ ಫೋಟೋದ ಮಗು ನನಗೆ ಪರದೇಶದ ಮಗುವಾಗಿ ಕಾಣಲಿಲ್ಲ.

1934ರಲ್ಲಿ ಆಕೆಯನ್ನು ಹಾರ್ಬಿನ್‌ನ ಪೂರ್ವಕ್ಕಿರುವ ಝೂಹ ತಾಲ್ಲೂಕಿಗೆ ಕಳಿಸಿದರು. ಈಗ ಆ ಊರಿನ ಹೆಸರು ಶಾಂಗ್‌ಝಿ. ಬೆಟ್ಟ, ಕಾಡು, ಚದುರಿದ ಹಳ್ಳಿಗಳು. ಕಾಡಲ್ಲಿದ್ದ ಗೆರಿಲ್ಲಾ ಪಡೆಗೆ ಊಟ, ಬಟ್ಟೆ, ಸುದ್ದಿ ಬರಬೇಕಾದ್ದು ಈ ಹಳ್ಳಿಗಳಿಂದ. ಹೆಂಗಸರ ಸಂಘ ಕಟ್ಟಿ ಅಂಗಿ ಹೊಲಿಸುವುದು, ಮಕ್ಕಳಿಗೆ ಹಾಡು ಕಲಿಸಿ ಊರ ಬಾಯಲ್ಲಿ ಕಾವಲು ನಿಲ್ಲಿಸುವುದು, ರೈತರ ಕೈಗೆ ಬಂದೂಕು ಕೊಡುವುದು, ಇದು ಆಕೆಯ ದಿನಚರಿ. ಕ್ಷಯ ಇತ್ತು, ಮೈ ಕಡ್ಡಿ. ಹಳ್ಳಿಯವರು 'ಒಣಕಲು ಲೀ' ಅನ್ನುತ್ತಿದ್ದರು, 'ಲೀ ಅಕ್ಕ' ಅಂತಲೂ ಕರೆಯುತ್ತಿದ್ದರು. ಕಂಚಿನ ಪ್ರತಿಮೆಗಿಂತ ನನಗೆ ಈ ಒಣಕಲು ಲೀ ಅಕ್ಕನೇ ಸರಿ ಅನಿಸಿದಳು. ಬೊಂಬೆ ಸರ್ಕಾರದ ಪತ್ರಿಕೆಗಳು ಮಾತ್ರ ಕೆಂಪು ಬಂದೂಕು, ಬಿಳಿ ಕುದುರೆಯ ಹೆಂಗಸು ಅಂತ ಸಿನಿಮಾ ಥರ ಬರೆದವು.

1935ರ ನವೆಂಬರ್‌ನಲ್ಲಿ ಸುತ್ತುವರಿದರು. ಆಗ ಆಕೆ ಒಂದು ರೆಜಿಮೆಂಟಿನ ರಾಜಕೀಯ ಕಮಿಸಾರ್, ಅಂದ್ರೆ ಪಡೆಯಲ್ಲಿ ಪಾರ್ಟಿಯ ಕೆಲಸ ನೋಡಿಕೊಳ್ಳುವ ಅಧಿಕಾರಿ. ಗಾಯಗೊಂಡು ಹಳ್ಳಿಯ ಗುಡಿಸಲಲ್ಲಿ ಅಡಗಿದ್ದಾಗ ಸಿಕ್ಕಿಬಿದ್ದಳು. ಕೈಗೆ ಒಂದು ಗುಂಡು, ತೊಡೆಗೆ ಒಂದು. ತೊಡೆಯ ಮೂಳೆ ಪುಡಿಯಾಗಿತ್ತು. ಎಕ್ಸ್‌ರೇಯಲ್ಲಿ 24 ಚೂರು ಕಂಡವಂತೆ. ಇಲ್ಲಿ ಅಳಿಯನಿಗೆ ಆಸಕ್ತಿ ಹುಟ್ಟಿತು. ಫೀಮರ್ ಒಡೆದರೆ ಎಷ್ಟು ರಕ್ತ ಹೋಗುತ್ತದೆ, ಆ ಕಾಲದಲ್ಲಿ ಪೆನ್ಸಿಲಿನ್ ಕೂಡ ಇರಲಿಲ್ಲ, ಕಾಲು ಕತ್ತರಿಸದೆ ಉಳಿಸಿದ್ದೇ ದೊಡ್ಡದು ಅಂತ ಶುರು ಮಾಡಿದ. ಸತ್ತರೆ ಸುದ್ದಿ ಸಿಗುವುದಿಲ್ಲ ಅಂತ ಪೊಲೀಸರೇ ಡಿಸೆಂಬರ್‌ನಲ್ಲಿ ಆಸ್ಪತ್ರೆಗೆ ಸೇರಿಸಿದ್ದು. ಬಾಗಿಲಲ್ಲಿ ಕಾವಲು, ಪಾಳಿ ಪಾಳಿ.

ಆಸ್ಪತ್ರೆಯ ಆ ತಿಂಗಳುಗಳೇ ನನ್ನನ್ನು ಇಲ್ಲಿಯವರೆಗೆ ಎಳೆದು ತಂದಿದ್ದು. ಬಂದೂಕಿನ ಕಥೆಗಳು ಎಲ್ಲ ದೇಶದಲ್ಲೂ ಇವೆ. ಈಕೆ ಮಲಗಿದ ಮಂಚದಿಂದಲೇ ಕೆಲಸ ಮುಂದುವರಿಸಿದಳು. ಕಾವಲಿಗಿದ್ದ ಪೊಲೀಸರಲ್ಲಿ ದೊಂಗ್ ಶ್ಯೆನ್‌ಶುನ್ ಅನ್ನುವ ಯುವಕನ ಜೊತೆ ಮಾತಿಗೆ ಶುರು ಮಾಡಿದಳು. ಭಾಷಣ ಅಲ್ಲ, ಮಾತು. ಕಾರಿಡಾರ್‌ನಲ್ಲಿ ಕಿವಿಗಳಿದ್ದಾಗ ಔಷಧಿ ಕಟ್ಟಿ ಕೊಡುವ ಕಾಗದದ ಮೇಲೆ ಸಣ್ಣ ಸಣ್ಣ ಕಥೆಯ ಹಾಗೆ ಬರೆದು ಕೊಡುತ್ತಿದ್ದಳು. ಹಳ್ಳಿಗಳಲ್ಲಿ ಏನು ನಡೆಯುತ್ತಿದೆ, ತಾನು ಯಾಕೆ ಹೀಗಾದೆ, ಅವನಿಗೆ ಅರ್ಥವಾಗುವ ಸುಲಭ ಮಾತಲ್ಲಿ. ಔಷಧಿ ಪೊಟ್ಟಣದ ಕಾಗದ ಎಷ್ಟಿರುತ್ತದೆ? ಅಂಗೈಯಗಲ. ಅದರಲ್ಲಿ ಹಿಡಿಯುವಷ್ಟು ಬರೆಯಬೇಕು, ಅವನು ಓದಬೇಕು, ಇಬ್ಬರಲ್ಲೊಬ್ಬರು ಅದನ್ನು ಇಲ್ಲದ ಹಾಗೆ ಮಾಡಬೇಕು, ನಾಳೆ ಮತ್ತೆ ಮುಂದಿನ ತುಂಡು. ತನ್ನನ್ನು ಕಾಯಲು ಬಂದವನನ್ನೇ ಹೀಗೆ ತನ್ನ ಕಡೆ ಮಾಡಿಕೊಂಡಳು. ಹಾನ್ ಯೊಂಗ್‌ಯೀ ಅನ್ನುವ ನರ್ಸ್ ಕೂಡ ಸೇರಿಕೊಂಡಳು. ಅವಳಿಗೆ ಬರೀ 17 ವರ್ಷ. ನಮ್ಮಲ್ಲಿ ಪಿಯುಸಿ ಓದುವ ವಯಸ್ಸು.

ಹಾನ್ ತನ್ನ ಉಂಗುರ, ಕೋಟುಗಳನ್ನು ಮಾರಿ ದುಡ್ಡು ಹೊಂದಿಸಿದಳು. 1936ರ ಜೂನ್ 28ರ ರಾತ್ರಿ ಮೂವರೂ ಹೊರಬಿದ್ದರು. ಮೊದಲು ಬಾಡಿಗೆ ಕಾರು, ಆಮೇಲೆ ರೋಗಿಯನ್ನು ಹೊರುವ ಡೋಲಿ, ಆಮೇಲೆ ಕುದುರೆ ಗಾಡಿ. ದಿಕ್ಕು ಪೂರ್ವ, ಆಚೆಂಗ್ ಕಡೆ, ಅಲ್ಲಿಂದ ಗೆರಿಲ್ಲಾಗಳ ಕಾಡಿಗೆ. "ಆ ಕಾಲಲ್ಲಿ ಕುದುರೆ ಗಾಡೀಲಾ?" ಅಂದ ಅಳಿಯ. ಆಮೇಲೆ ತುಂಬ ಹೊತ್ತು ಮಾತಾಡಲಿಲ್ಲ. ಜೂನ್ 30ರ ಬೆಳಿಗ್ಗೆ ಬೆನ್ನಟ್ಟಿ ಬಂದು ಹಿಡಿದರು. ಕಾಡು ಇನ್ನು ಹತ್ತು ಕಿಲೋಮೀಟರ್ ಅಷ್ಟೆ ಇತ್ತು. ದೊಂಗ್ ಜೈಲಲ್ಲಿ ಹಿಂಸೆಯಿಂದ ಸತ್ತ. ಹಾನ್ ಶಿಕ್ಷೆ ಅನುಭವಿಸಿ ಹೊರಬಂದಳು, ಮುರಿದ ಆರೋಗ್ಯದಲ್ಲಿ 1949ರವರೆಗೆ ಬದುಕಿದಳು. ಇವರಿಬ್ಬರ ಹೆಸರಿನ ಬೀದಿ ಸಿಗುತ್ತದಾ ಅಂತ ಅಳಿಯನ ಫೋನಿನ ಮ್ಯಾಪ್‌ನಲ್ಲಿ ಹುಡುಕಿಸಿದೆ. ನಮಗೆ ಸಿಗಲಿಲ್ಲ.

ಪೊಲೀಸ್ ಕಾಲದ ಕೋಣೆಗಳನ್ನೂ ಉಳಿಸಿಟ್ಟಿದ್ದಾರೆ. ನೋಡಿದೆ, ಬೇಗ ಹೊರಗೆ ಬಂದೆ. ಒಂದು ಮಾತು ಮಾತ್ರ ಹೇಳುತ್ತೇನೆ. ಕರೆಂಟ್ ಕೊಟ್ಟು ಏಳು ಗಂಟೆಗೂ ಹೆಚ್ಚು ಹೊತ್ತು ಹಿಂಸಿಸಿದರೂ ಏನೂ ಹೇಳಲಿಲ್ಲ ಅನ್ನುವುದು ತಿಳಿದಿರುವುದು ಪೊಲೀಸರ ಕಡೆಯಿಂದಲೇ. ವಿಚಾರಣೆ ಮಾಡಿದವರಲ್ಲಿ ಒಬ್ಬನಾದ ಓನೋ ತಾಯ್ಜಿ ಯುದ್ಧ ಮುಗಿದ ಮೇಲೆ ಚೀನಾದ ಸೆರೆಯಲ್ಲಿದ್ದಾಗ ತಪ್ಪೊಪ್ಪಿಗೆ ಬರೆದ. ಹೊಡೆದವನೇ ಸಾಕ್ಷಿಯಾದ.

ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ತಾತ ನನ್ನ ಮುಖ ನೋಡಿ "ಯಿಂದು?" ಅಂದರು. ಇಂಡಿಯಾನಾ ಅಂತ. ಹೂಂ ಅಂದೆ. ಹೆಬ್ಬೆರಳೆತ್ತಿ "ಕ ದೀಹ್ವಾ!" ಅಂದರು. ಡಾಕ್ಟರ್ ಕೋಟ್ನಿಸ್ ಅವರ ಚೀನೀ ಹೆಸರು ಅದು. 1938ರಲ್ಲಿ ಕಾಂಗ್ರೆಸ್ ಕಳಿಸಿದ ಐದು ವೈದ್ಯರಲ್ಲಿ ಒಬ್ಬರು, 1942ರಲ್ಲಿ ಚೀನಾದಲ್ಲೇ ತೀರಿಕೊಂಡರು. ಸೊಲ್ಲಾಪುರದವರು, ಅಂದ್ರೆ ನಮ್ಮ ವಿಜಯಪುರದ ಪಕ್ಕದ ಜಿಲ್ಲೆ. ಅಳಿಯ ತಾನೂ ಡಾಕ್ಟರ್ ಓದುತ್ತಿದ್ದೇನೆ ಅಂತ ಹೇಳಿದ. ತಾತ ಅವನ ಕೈ ಹಿಡಿದುಕೊಂಡು ಏನೇನೋ ಹೇಳಿದರು. ಏನಂದರು ಅಂತ ಕೇಳಿದರೆ "ಸರಿಯಾಗಿ ಓದು ಅಂದ್ರು" ಅಂದ.

ನಾಲ್ಕನೇ ದಿನ, ಬುಧವಾರ

ಶಾಂಗ್‌ಝಿಗೆ ಹೈಸ್ಪೀಡ್ ರೈಲಿದೆ. ನಾನು ಬೇಡ ಅಂದೆ. ಹಳೆ ಹಳಿಯ ಮೇಲೆ ಹೋಗುವ ನಿಧಾನದ ರೈಲೇ ಬೇಕು ಅಂತ ಹಟ ಮಾಡಿದೆ. ರಷ್ಯನ್ನರು ಹಾಕಿದ ದಾರಿ ಅದು. 1936ರ ಆಗಸ್ಟ್ 2ರಂದು ಝಾವೊ ಯೀಮಾನ್‌ಳನ್ನು ಕೊಲ್ಲಲು ಝೂಹಗೆ ಕರೆದೊಯ್ದಿದ್ದು ಇದೇ ದಾರಿಯಲ್ಲಿ. ಆಕೆ ಕೆಲಸ ಮಾಡಿದ ಊರಲ್ಲೇ, ಆಕೆಯನ್ನು ಬಲ್ಲ ಜನರ ಕಣ್ಣೆದುರೇ ಕೊಂದರೆ ಉಳಿದವರಿಗೆ ಬುದ್ಧಿ ಬರುತ್ತದೆ ಅನ್ನುವ ಲೆಕ್ಕಾಚಾರ.

ಹಸಿರು ಬೋಗಿ, ಗಟ್ಟಿ ಸೀಟು. ಎದುರಿಗೆ ಕೂತ ಹೆಂಗಸು ಸೂರ್ಯಕಾಂತಿ ಬೀಜ ಬಿಡಿಸಿ ಬಿಡಿಸಿ ತಿನ್ನುತ್ತಿದ್ದಳು, ನಮಗೂ ಒಂದು ಹಿಡಿ ಕೊಟ್ಟಳು. ಆ ಕೊನೆಯ ದಿನ ದಾರಿಯಲ್ಲಿ ಆಕೆ ಮಗನಿಗೊಂದು ಪತ್ರ ಬರೆದಿದ್ದಳು, ಅಳಿಯ ಹಿಂದಿನ ದಿನ ಮ್ಯೂಸಿಯಂನಲ್ಲಿ ಆ ಪತ್ರದ ಫಲಕದ ಫೋಟೋ ತೆಗೆದುಕೊಂಡಿದ್ದ. ರೈಲು ಹೊರಟ ಮೇಲೆ ಅದನ್ನು ದೊಡ್ಡದು ಮಾಡಿಕೊಂಡು ಒಂದೊಂದೇ ಸಾಲು ಕನ್ನಡದಲ್ಲಿ ಹೇಳತೊಡಗಿದ.

ನಿಂಗ್‌ಅರ್, ನಿನ್ನನ್ನು ತಿದ್ದಿ ಬೆಳೆಸುವ ಹೊಣೆ ಅಮ್ಮನಿಂದ ಆಗಲಿಲ್ಲ, ಅದೊಂದು ಕೊರಗು. ಜಪಾನಿನ ವಿರುದ್ಧ ಹೋರಾಡಿದ್ದಕ್ಕೆ ಅಮ್ಮ ಇವತ್ತು ಸಾವಿನ ಹೊಸ್ತಿಲಲ್ಲಿದ್ದಾಳೆ. ಇನ್ನು ನಾವಿಬ್ಬರು ನೋಡುವುದಿಲ್ಲ. ಬೇಗ ದೊಡ್ಡವನಾಗು. ಅಮ್ಮ ಸಾವಿರ ಮಾತಾಡಿ ಕಲಿಸುವುದಿಲ್ಲ, ಮಾಡಿ ತೋರಿಸಿ ಕಲಿಸುತ್ತಾಳೆ. ದೊಡ್ಡವನಾದ ಮೇಲೆ ನಿನ್ನಮ್ಮ ದೇಶಕ್ಕಾಗಿ ಸತ್ತಳು ಅನ್ನುವುದನ್ನು ಮರೆಯಬೇಡ. ಹೆಚ್ಚೂ ಕಡಿಮೆ ಅಷ್ಟೇ. ಚಿಕ್ಕ ಪತ್ರ. ಕೊನೆಯಲ್ಲಿ ತಾರೀಖು, ಆಮೇಲೆ 'ನಿನ್ನ ಅಮ್ಮ ಝಾವೊ ಯೀಮಾನ್, ಗಾಡಿಯಲ್ಲಿ'. ಅಳಿಯ ಇಲ್ಲಿ ತಡೆದ. "ಮಾಮ, ಇಲ್ಲಿ 'ಚ' ಅಂತ ಇದೆ. ಚ ಅಂದ್ರೆ ಎತ್ತಿನ ಗಾಡಿನೂ ಆಗುತ್ತೆ, ಕಾರೂ ಆಗುತ್ತೆ. ರೈಲಿಗೆ ಹ್ವೋಚ ಅಂತಾರೆ, ಬೆಂಕಿ ಗಾಡಿ."

ನನಗೆ ತಟ್ಟಿದ್ದು ಆ ಸಹಿ. ಮಗನಿಗೆ ಬರೆಯುವಾಗಲೂ ಸುಳ್ಳು ಹೆಸರು. ಏಳು ವರ್ಷದ ಆ ಹುಡುಗನಿಗೆ ಝಾವೊ ಯೀಮಾನ್ ಯಾರು ಅಂತಲೇ ಗೊತ್ತಿಲ್ಲ. ನಿಂಗ್‌ಅರ್ ಅನ್ನುವ ಮುದ್ದಿನ ಹೆಸರು ಪೊಲೀಸರಿಗೆ ಗೊತ್ತಿಲ್ಲ. ವಿಚಾರಣೆಯಲ್ಲಿ ತನ್ನ ಊರು, ಮನೆ ಎಲ್ಲವನ್ನೂ ಸುಳ್ಳೇ ಹೇಳಿದ್ದಳು. ಲೀ ಕುನ್‌ತಾಯ್ ಅಂತ ಬರೆದಿದ್ದರೆ ಸಿಚುವಾನ್‌ನ ಮನೆ, ವುಹಾನ್‌ನಲ್ಲಿರುವ ಮಗು ಎಲ್ಲ ಹೊರಗೆ ಬರುತ್ತಿತ್ತು. ಅದಕ್ಕೇ ಹೀಗೆ ಮಾಡಿದಳು ಅಂತ ನನ್ನ ಊಹೆ. ಅಡ್ರೆಸ್ಸೇ ಇಲ್ಲದ ಪತ್ರ. ತಲುಪಬಾರದ ಹಾಗೆ ಬರೆದ ಪತ್ರ. ಮೂಲ ಕಾಗದ ಉಳಿದಿಲ್ಲ. ಉಳಿದದ್ದು ಪೊಲೀಸ್ ವರದಿಯೊಳಗೆ ಸೇರಿಕೊಂಡಿದ್ದ ಜಪಾನಿ ಅನುವಾದ. ಅದನ್ನು ಮತ್ತೆ ಚೀನೀ ಭಾಷೆಗೆ ತಂದಿದ್ದು, ಈಗ ನನಗಾಗಿ ಒಬ್ಬ ಎಂಬಿಬಿಎಸ್ ಹುಡುಗ ಗಟ್ಟಿ ಸೀಟಿನ ಮೇಲೆ ಕೂತು ಕನ್ನಡಕ್ಕೆ ತರುತ್ತಿದ್ದಾನೆ.

ಆಚೆಂಗ್ ಬಂತು. ಆಕೆ ತಪ್ಪಿಸಿಕೊಂಡು ಓಡಿದ ದಿಕ್ಕು. ಚಿಕ್ಕ ಸ್ಟೇಷನ್, ಮೂರ್ನಾಲ್ಕು ಜನ ಇಳಿದರು. ಆಮೇಲೆ ಬೆಟ್ಟಗಳು ಶುರು.

ಶಾಂಗ್‌ಝಿ ಸಣ್ಣ ಊರು. ಚಳಿಗಾಲದಲ್ಲಿ ಪಕ್ಕದ ಯಾಬುಲಿಗೆ ಸ್ಕೀ ಆಡಲು ಜನ ಬರುತ್ತಾರೆ, ಬೇಸಿಗೆಯಲ್ಲಿ ರಾಸ್ಪ್‌ಬೆರಿ ಬೆಳೆಯುತ್ತಾರೆ. ಸ್ಟೇಷನ್ ಹೊರಗೆ ಬುಟ್ಟಿಗಟ್ಟಲೆ ಕೆಂಪು ಹಣ್ಣು. ಒಂದು ಡಬ್ಬ ಕೊಂಡೆವು. ಬೆರಳು ತಾಗಿದರೆ ರಸ ಸೋರುವಷ್ಟು ಮೆತ್ತಗೆ.

ಸ್ಮಾರಕಕ್ಕೆ ಹೂ ತಗೊಂಡು ಹೋಗೋಣ ಅಂತ ಅಂಗಡಿಗೆ ಹೋದೆವು. ನಾನು ಗುಲಾಬಿ ಆರಿಸಿದೆ. ಅಂಗಡಿಯಾಕೆ ಯಾರಿಗೆ ಅಂತ ಕೇಳಿದಳು. ಝಾವೊ ಯೀಮಾನ್‌ಗೆ ಅಂದ ಅಳಿಯ. ಆಕೆ ಗುಲಾಬಿಯನ್ನು ನನ್ನ ಕೈಯಿಂದ ತೆಗೆದು ಬಕೆಟ್‌ಗೆ ವಾಪಸು ಹಾಕಿ ಹಳದಿ ಸೇವಂತಿಗೆ ಕಟ್ಟಿಕೊಟ್ಟಳು. ಇಲ್ಲಿ ಸೇವಂತಿಗೆ ಸತ್ತವರಿಗೆ. ನಮ್ಮಲ್ಲಿ ವರಮಹಾಲಕ್ಷ್ಮಿಗೂ ಅದೇ, ಆಯುಧಪೂಜೆಗೆ ಸ್ಕೂಟರಿಗೂ ಅದೇ. ಒಂಥರಾ ಮುಜುಗರ ಆಯಿತು, ಆಮೇಲೆ ಪರವಾಗಿಲ್ಲ ಅನಿಸಿತು. ಎರಡೂ ಕಡೆ ಲೆಕ್ಕಕ್ಕೂ ಇದೇ ಹೂ ಸರಿ.

ಗುಂಡಿಟ್ಟದ್ದು ಊರಿನ ಸಣ್ಣ ಉತ್ತರ ಬಾಗಿಲಿನ ಆಚೆ. ಈಗ ಬಾಗಿಲೂ ಇಲ್ಲ, ಆಚೆಯೂ ಇಲ್ಲ, ಊರು ಬೆಳೆದಿದೆ. ಕುದುರೆ ಗಾಡಿಯಲ್ಲಿ ಕೂರಿಸಿ ಬೀದಿಗಳಲ್ಲಿ ಮೆರವಣಿಗೆ ಮಾಡಿದರು, ಆಕೆ ಕೆಂಬಾವುಟದ ಹಾಡು ಹಾಡುತ್ತ ಹೋದಳು. ಆಕೆಯ ಸ್ಮಾರಕದ ಮುಂದೆ ಹೂವಿಟ್ಟೆವು. ಪಕ್ಕದಲ್ಲಿ ಹೆಂಗಸರ ಗುಂಪು ಸ್ಪೀಕರ್ ಹಚ್ಚಿಕೊಂಡು ಡ್ಯಾನ್ಸ್ ಪ್ರಾಕ್ಟೀಸ್ ಮಾಡುತ್ತಿತ್ತು. ನಮ್ಮನ್ನು ನೋಡಿ ಒಬ್ಬಾಕೆ ಸ್ಪೀಕರ್ ಸ್ವಲ್ಪ ಸಣ್ಣ ಮಾಡಿದಳು, ನಾವು ಆ ಕಡೆ ಹೋದ ಮೇಲೆ ಮತ್ತೆ ದೊಡ್ಡದು ಮಾಡಿದಳು.

ಬೆಂಚಿನ ಮೇಲೆ ಕೂತು ರಾಸ್ಪ್‌ಬೆರಿ ತಿನ್ನುತ್ತ ಉಳಿದ ಕಥೆಯನ್ನು ಅಳಿಯನಿಗೆ ನಾನು ಹೇಳಿದೆ. ಇದು ನಾನು ಊರಲ್ಲೇ ಓದಿಕೊಂಡು ಬಂದಿದ್ದು. 1950ರಲ್ಲಿ ಝಾವೊ ಯೀಮಾನ್ ಬಗ್ಗೆ ಸಿನಿಮಾ ಬಂತು, ಇಡೀ ದೇಶಕ್ಕೆ ಹೆಸರು ಗೊತ್ತಾಯಿತು. ಅದೇ ಹೊತ್ತಿಗೆ ಸಿಚುವಾನ್‌ನಲ್ಲಿ ಆಕೆಯ ಅಕ್ಕ, ಎಷ್ಟೋ ವರ್ಷದಿಂದ ಕಾಣೆಯಾದ ತಂಗಿಯನ್ನು ಇನ್ನೊಂದು ಹೆಸರಲ್ಲಿ ಹುಡುಕುತ್ತಿದ್ದಳು. ಒಬ್ಬಳೇ ಹೆಂಗಸು, ಒಂದು ಕಡೆ ದೇಶಕ್ಕೆಲ್ಲ ಗೊತ್ತು, ಇನ್ನೊಂದು ಕಡೆ ನಾಪತ್ತೆ. ಫೋಟೋಗಳನ್ನು ಹೋಲಿಸಿ, ಅವರಿವರನ್ನು ವಿಚಾರಿಸಿ, ಇಬ್ಬರೂ ಒಬ್ಬಳೇ ಅಂತ ಖಾತ್ರಿಯಾಗಲು 1950ರ ದಶಕದ ನಡುವಿನವರೆಗೆ ಕಾಯಬೇಕಾಯಿತು. ಅಷ್ಟೊತ್ತಿಗೆ ನಿಂಗ್‌ಅರ್ ಚೆನ್ ಯೆಶ್ಯೆನ್ ಅನ್ನುವ ದೊಡ್ಡ ಗಂಡಸು, ಬೀಜಿಂಗ್‌ನಲ್ಲಿ ಪಾಠ ಹೇಳುತ್ತಿದ್ದ. ಹಾರ್ಬಿನ್‌ಗೆ ಬಂದ. ನಾವು ನಿನ್ನೆ ನಿಂತಿದ್ದ ಕಟ್ಟಡದಲ್ಲೇ ಅಮ್ಮನ ಪತ್ರ ನೋಡಿದ. ಕೂತು ಕಾಪಿ ಮಾಡಿಕೊಂಡ. ಆಮೇಲೆ ತನ್ನ ತೋಳಿನ ಮೇಲೆ ಸೂಜಿ, ಮಸಿಯಲ್ಲಿ ಝಾವೊ ಯೀಮಾನ್ ಅಂತ ಹಚ್ಚೆ ಹಾಕಿಕೊಂಡ. ಅಮ್ಮನ ನಿಜವಾದ ಹೆಸರಲ್ಲ. ಪತ್ರದ ಕೊನೆಯಲ್ಲಿದ್ದ ಹೆಸರು. ಹುತಾತ್ಮರ ಮನೆಯವರಿಗೆ ಸರ್ಕಾರ ಕೊಡುವ ಹಣವನ್ನು ಮುಟ್ಟಲಿಲ್ಲ.

"ಅಮ್ಮನ ಮೇಲೆ ಸಿಟ್ಟಿರಲಿಲ್ವಾ ಅವನಿಗೆ?" ಅಂದ ಅಳಿಯ. ನನಗೇನು ಗೊತ್ತು. ಇದ್ದಿರಬಹುದು ಅಂದೆ.

ವಾಪಸು ಬರುವಾಗ ಹೈಸ್ಪೀಡ್ ರೈಲು ಹತ್ತಿದೆವು, ನನ್ನ ಸೊಂಟ ಅಷ್ಟು ಹೇಳುತ್ತಿತ್ತು. ಮುಕ್ಕಾಲು ಗಂಟೆಯ ದಾರಿ. ಎರಡು ರಾತ್ರಿ ಓಡಿದರೂ ಆಕೆಗೆ ದಾಟಲಾಗದ ಆಚೆಂಗ್ ಸೀಮೆ ನಾನು ನೀರು ಕುಡಿದು ಬಾಟ್ಲಿ ಮುಚ್ಚುವಷ್ಟರಲ್ಲಿ ಹಿಂದೆ ಹೋಯಿತು. ಅಷ್ಟರಲ್ಲಿ ಅಕ್ಕನ ಫೋನ್. ಗೌರಿ ಹಬ್ಬಕ್ಕೆ ಚಕ್ಕುಲಿ ಕಳಿಸಬೇಕಂತೆ, ಕೊರಿಯರ್‌ನವರು ಫಾರಂ ಬದಲಾಯಿಸಿದ್ದಾರಂತೆ, ಅಡ್ರೆಸ್ ಇನ್ನೊಂದ್ಸಲ ಸರಿಯಾಗಿ ಹೇಳು ಅಂದಳು. ಅಳಿಯ ಮನೆ ನಂಬರ್ ಹೇಳಿದ. ಬೀದಿಯ ಹೆಸರು ಹೇಳಿದ. ಆಮೇಲೆ "ಅಮ್ಮ, ಆ ಹೆಸರು ಯಾರದು ಗೊತ್ತಾ" ಅಂತ ಶುರು ಮಾಡಿದ. ನಾನು ಕಿಟಕಿ ಕಡೆ ತಿರುಗಿ ಕೂತೆ. ಹಾರ್ಬಿನ್ ಬಂದು, ಜನ ಎಲ್ಲ ಇಳಿದು, ರೈಲಿನ ಹುಡುಗಿ ಬಂದು ಇಳೀರಿ ಅನ್ನುವವರೆಗೂ ಅವನು ಔಷಧಿ ಪೊಟ್ಟಣದ ಹತ್ತಿರವೇ ಇದ್ದ.